ಮಗ್ಗದ ಮನೆಯ ಹುಡುಗಿಗೆ ದಾರಿ ಹುಡುಕಿದ್ದು

ಮಕ್ಕಳಿಗೆ ಮುಂದಿನ ದಾರಿ ತೋರಿಸಲು ಹೊರಟವರಿಗೆ ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗುವ ಕಷ್ಟವಿಲ್ಲ. ಅವೇ ಶಾಲೆಗೆ ಬರುತ್ತವೆ. ನನ್ನವರು ತೀರಿಕೊಂಡ ಮೇಲೆ ನಾನು ಮಾತು ಕಡಿಮೆ ಮಾಡಿದ್ದೆ. ನಾನು ಕಲಿಸುತ್ತಿದ್ದ ಬೆಟಗೇರಿಯ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ ದೊಡ್ಡ ಅಕ್ಕಾರು ಅದನ್ನೇ ಅರ್ಹತೆ ಎಂದು ತಿಳಿದು, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂರುವ ಹುಡುಗಿಯರು ಮುಂದೇನಾಗಬೇಕೆಂದು ವಿಚಾರಿಸುವ ಕೆಲಸವನ್ನು ನನಗೆ ಒಪ್ಪಿಸಿದರು.

ಗಡಿ

ಲಕ್ಷ್ಮೇಶ್ವರ, ಶಿರಹಟ್ಟಿಗಳು ಸಂಸ್ಥಾನ ಬಿಟ್ಟು ನಮ್ಮ ಜಿಲ್ಲೆಗೆ ಸೇರಿದ ಹೊಸತು. ಲಕ್ಷ್ಮೇಶ್ವರದ ಹುಡುಗಿಯೊಬ್ಬಳು, "ನಮ್ಮಪ್ಪನಂಗ ಸುಂಕದ ಗಡಿ ನಾಕಾದಾಗ ಕುಂಡ್ರತೀನ್ರಿ" ಎಂದಳು.

"ಗಡೀನ ಹೋತಲ್ಲವಾ. ನಿಮ್ಮಪ್ಪ ಈಗೇನು ಮಾಡ್ತಾನ?"

"ಅಡಗಿಮನಿ ಬಾಗಿಲದಾಗ ಕುಂಡ್ರತಾನ್ರಿ. ಒಳಗ ಏನ ಒಯ್ತಿ, ಹೊರಗ ಏನ ತರ್ತಿ ಅಂತ ಅವ್ವನ್ನ ಕೇಳತಾನ. ಎಲ್ಲೆರ ಒಂದು ಗಡಿ ಉಳದಿದ್ರ ಹೇಳ್ರಿ ಅಂದಾಳ ನಮ್ಮವ್ವ."

ಆಸ್ಪತ್ರೆ

ನೇಕಾರರ ಮಗಳೊಬ್ಬಳಿದ್ದಳು. ಮಗ್ಗಗಳು ಬಡಿಯುವ ಮನೆಯಲ್ಲಿ ಉಪ್ಪು ಬೇಕೆಂದರೂ ಕೂಗಬೇಕು; ಆ ಕೂಗುವ ದನಿಯೇ ಅವಳಿಗೆ ರೂಢಿಯಾಗಿಬಿಟ್ಟಿತ್ತು. ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿ ಶಿಕ್ಷಕಿಯಾಗಬೇಕೆಂಬುದು ಅವಳ ಆಸೆ. ಅವಳ ಅಜ್ಜಿ, ಅಂದರೆ ಆಯಿ, ಮಾತ್ರ "ಧಾರವಾಡಕ್ಕ ಕಳಸಂಗಿಲ್ರಿ. ಊರಾಗ ಏನರ ಕೆಲಸ ಸಿಕ್ರ ಆತು, ಇಲ್ಲಂದ್ರ ಲಗ್ನ" ಎಂದು ಹೇಳಿಬಿಟ್ಟರು.

ನರ್ಸ್ ಕೆಲಸ ಕಲಿಯಲೆಂದು ಅವಳನ್ನು ಊರಿನ ಆಸ್ಪತ್ರೆಗೆ ಕರೆದೊಯ್ದೆ. "ಆ ಅಜ್ಜನ್ನ ಸಾವಕಾಶ ಮಾತಾಡಸವಾ" ಎಂದರು ಅಲ್ಲಿನ ಹಿರಿಯ ನರ್ಸ್. ಹುಡುಗಿ ತನ್ನ ಲೆಕ್ಕದಲ್ಲಿ ಮೆತ್ತಗೆಯೇ ಕೇಳಿದಳು: "ಅಜ್ಜಾ, ಹೆಂಗದೀರಿ?"

ಪಕ್ಕದ ಕೋಣೆಯವರೆಲ್ಲ "ಆರಾಮದೀವ್ರಿ" ಎಂದರು. ಅಜ್ಜ ಎದ್ದು ಮಂಚದ ಕೆಳಗೆ ಚಪ್ಪಲಿ ಹುಡುಕತೊಡಗಿದ. "ನಂಗೂ ಆರಾಮ ಆಗೇತ್ರಿ. ಜಲ್ದಿ ಮನಿಗೆ ಕಳಸ್ರಿ."

ಹೆಣ್ಣು ನೋಡಲು ಬಂದವರು

ಇನ್ನು ಉಳಿದದ್ದು ಲಗ್ನ. ಆದರೆ ನೋಡಲು ಬಂದವರೆಲ್ಲ ಅವಳ ದನಿ ಕೇಳಿಯೇ ಚಹದ ಕಪ್ಪು ಕೆಳಗಿಡುತ್ತಿದ್ದರು. ಮುಂಡರಗಿಯಿಂದ ವರನ ತಾಯಿ ಬರುವ ದಿನ ಆಯಿ ನನ್ನನ್ನು ಕರೆಸಿದರು. "ಅಕ್ಕಾರ, ನಿಮ್ಮ ಮಾತು ಕೇಳತಾಳ. ಇವತ್ತೊಂದಿನ ಮೆತ್ತಗ ಮಾತಾಡಾಕ ಹೇಳ್ರಿ." ನಾನು ಹುಡುಗಿಗೆ ಹೇಳಿದೆ. ಗಂಡನಿಲ್ಲದ ನಾನು ಇಂಥ ಕಾರ್ಯದಲ್ಲಿ ಮುಂದೆ ಕೂರುವಂತಿಲ್ಲವಾದ್ದರಿಂದ ಅಡುಗೆಮನೆಯ ಬಾಗಿಲ ಹಿಂದೆ ನಿಂತೆ.

"ಹೆಸರೇನವಾ?" ಎಂದರು ವರನ ತಾಯಿ.

ಹುಡುಗಿ ಮೆತ್ತಗೆ ಹೇಳಿದಳು. ಆಕೆ ಕಿವಿಗೆ ಕೈ ಇಟ್ಟರು. ಜೊತೆಗೆ ಬಂದವರು, "ಅವರಿಗೆ ಕಿವಿ ಮಂದ ಐತಿ. ಚೂರು ಜೋರ ಹೇಳವಾ" ಎಂದರು.

ಹುಡುಗಿ ನನ್ನತ್ತ ನೋಡಿದಳು. ನಾನು ತುಟಿಯ ಮೇಲೆ ಬೆರಳಿಟ್ಟೆ. ಅವಳು ಇನ್ನೂ ಮೆತ್ತಗೆ ಹೇಳಿದಳು.

ಆಕೆ ಎದ್ದರು. "ನನಗ ಮಾತು ಕೇಳಿಸೋ ಸೊಸಿ ಬೇಕು. ಇಕೀಗೆ ಬಾಯೇ ಇಲ್ಲಲ್ಲ."

ಬಂದವರು ಟಾಂಗಾ ಹತ್ತಿದರು. ಆಯಿ ನೇರ ಅಡುಗೆಮನೆಗೆ ಬಂದರು. ಬೈಗುಳಕ್ಕೆ ನಾನು ತಯಾರಾಗಿಯೇ ನಿಂತಿದ್ದೆ.

"ಅಕ್ಕಾರ, ಇಕಿ ಹುಟ್ಟಿದಾಗಿಂದ ಮನಿಮಂದೆಲ್ಲಾ ಬಡಕೊಂಡ್ರೂ ಬಾಯಿ ಇಳೀಲಿಲ್ಲ. ನೀವು ಒಮ್ಮೆ ಹೇಳಿದ್ರಿ, ಇಳೀತು. ಸಾಲಿ ಕಲಸೋ ವಿದ್ಯಾದಾಗ ಏನೋ ಐತಿ ಖರೆ. ಆತು, ಧಾರವಾಡಕ್ಕ ಹೋಗ್ಲಿ."

"ಖರೇನ ಆಯಿ?" ಎಂದಳು ಹುಡುಗಿ, ತನ್ನ ಸ್ವಂತ ದನಿಯಲ್ಲಿ.

ಓಣಿಯ ತಿರುವಿನಲ್ಲಿ ಟಾಂಗಾ ನಿಂತಿತು. ಮುಂಡರಗಿಯ ಆ ತಾಯಿ ತಲೆ ಹೊರಹಾಕಿ ಕೇಳಿದರು: "ಯಾರೋ ನನ್ನ ಕರದಂಗಾತಲ್ಲ?"