ಮೊದಲು ಫೀಸು, ಆಮೇಲೆ ನಾಡಿ

"ಇವತ್ತಿನಿಂದ ಫುಕಟ್ ನೋಡೋದು ಬಂದ್!"

ಬ್ರಹ್ಮಪುರದ ಮನೆಯ ಅಡುಗೆಮನೆಯಲ್ಲಿ ನಿಂತು ಡಾಕ್ಟರ್ ಕೌಸ್ತುಭ ಘೋಷಿಸಿದ. ನಾಲ್ಕು ದಿಕ್ಕು ಗೆದ್ದು ಬಂದ ದೊರೆಯ ಠೀವಿ. ಕೈಯಲ್ಲಿ ಮಾತ್ರ ಟಿಫಿನ್ ಡಬ್ಬಿ.

ಕಮಲಾಪುರದಲ್ಲಿ ಅವನು ದವಾಖಾನೆ ತೆರೆದು ವರ್ಷ ತುಂಬುತ್ತ ಬಂದಿತ್ತು. ಹೃದಯದ ಕವಾಟಗಳು ಹೇಗೆ ತೆರೆಯುತ್ತವೆ ಎಂದು ಕಾಲೇಜಿನವರು ಬಾಯಿಪಾಠ ಮಾಡಿಸಿದ್ದರು. ದವಾಖಾನೆಯ ಬಾಗಿಲು ತೆರೆದೇ ಇರಬೇಕಾದರೆ ಏನು ಮಾಡಬೇಕೆಂದು ಒಬ್ಬನೂ ಹೇಳಿರಲಿಲ್ಲ. ಬಾಡಿಗೆ ಹೋಗುತ್ತಿದ್ದುದು ಹೆಂಡತಿ ಮಂಜುಷಾಳ ಶಾಲೆಯ ಸಂಬಳದಿಂದ. ಆಕೆ ಬೇಸತ್ತು ಷರತ್ತು ಹಾಕಿದ್ದಳು.

"ದಸರಾದೊಳಗ ಒಬ್ಬರರೆ ತಾವಾಗಿ ಎರಡನೇ ಸಲ ಬರಬೇಕ್ರೀ. ಮೊದಲ್ನೇ ಸಲ ಮಂದಿ ಬೋರ್ಡ್ ನೋಡಿ ಬರ್ತಾರ. ತಿರುಗಿ ಬಂದವ್ರೇ ನಿಮ್ಮ ಠೇವಣಿ. ಇಲ್ಲಾಂದ್ರ ಕೀಲಿ ಹಾಕಿ ಎಲ್ಲ್ಯರೆ ನೌಕರಿ ಹಿಡೀರಿ."

"ಅದಕ್ಕೇ ಫೈನಾನ್ಸ್ ಪ್ಲಾನಿಂಗ್ ಶುರು ಮಾಡೀನಿ! ಫೋನಿನ್ಯಾಗ ವಿಡಿಯೋ ನೋಡೀನಿ!"

"ಎದಿ ಆಪರೇಶನ್ನೂ ಅದರಾಗೇ ಕಲೀರಿ."

ಆ ಮಹಾಯೋಜನೆಯ ಮೊದಲ ಫಲವೇ ದವಾಖಾನೆಯ ಹೊಸ ಫಲಕ: ‘ಮೊದಲು ಫೀಸು, ಆಮೇಲೆ ನಾಡಿ’. ಸಹಾಯಕ ಮಾಪಣ್ಣನಿಗೆ ಕಟ್ಟಪ್ಪಣೆಯಾಯಿತು: "ಫೀಸ್ ಕೊಟ್ಟವರನ್ನ ಮೊದಲ ಬಿಡು. ಧನ್ವಂತರಿ ಬಂದ್ರೂ ಪಾವತಿ ಚೀಟಿ ಹರಿ!"

ಮಧ್ಯಾಹ್ನದ ಹೊತ್ತಿಗೆ ಬೆಂಚು ತುಂಬಿತು! ಕೌಸ್ತುಭ ಮಂಜುಷಾಳಿಗೆ ಫೋನ್ ಹಚ್ಚಿದ.

"ಮಂಜು, ನಿಲ್ಲಾಕ ಜಾಗ ಇಲ್ಲ!"

"ಯಾಕ್ರೀ, ಬಾಜೂ ಹೋಟೆಲ್ ಬಂದ್ ಅದ ಏನು?"

ಮೊದಲು ಬಂದವನು ದಿಲೀಪ. ಇಸ್ತ್ರಿ ಮಾಡಿದ ಅಂಗಿ, ತೊಡೆಯ ಮೇಲೆ ಬ್ಯಾಗು.

"ಎದಿ ಧಡಧಡ ಅಂತದ್ರೀ ಸರ್."

"ಯಾವಾಗ?"

"ನಿಮ್ಮಂಥ ಹೊಸ ಡಾಕ್ಟರು ವಿಮಾ ಇಲ್ದಂಗ ಕುಂತಿದ್ದು ನೋಡಿದಾಗ!"

ಎರಡನೆಯವನು ಸಲಾವುದ್ದೀನ್. "ನಿದ್ದಿ ಬರವಲ್ದು ಡಾಕ್ಟರ್‌ಸಾಬ್."

"ಚಿಂತಿ ಏನರೆ ಅದ ಏನು?"

"ನಿಮ್ಮ ಮುಪ್ಪಿಂದೇ ಚಿಂತಿ! ಒಂದು ಪ್ಲಾಟ್ ತಗೋರಿ."

"ನಾನಿನ್ನೂ ಹುಡುಗ ಅದೀನಲ್ರೀ!"

"ಅದೇ ಬೀಮಾರಿ, ಸಾಬ್!"

ಹೊರಗೆ ದಬ್ಬೋಣವೆಂದರೆ ಅವರು ಪಾವತಿ ಎತ್ತಿ ತೋರಿಸುತ್ತಿದ್ದರು: "ಫೀಸ್ ಕೊಟ್ಟೀವ್ರಿ, ಪೂರಾ ಕೇಳ್ರಿ!" ಬೆಂಚಿನ ಮೇಲಿದ್ದ ಉಳಿದವರದೂ ಅದೇ ಏಜೆಂಟರ ಕುಲ, ಅದೇ ಬ್ಯಾಗು. ಹೊಸ ಡಾಕ್ಟರು ಊರಿಗೆ ಬಂದದ್ದು ರೋಗಿಗಳಿಗೆ ಗೊತ್ತಾಗಲು ವರ್ಷ ಬೇಕು. ಇವರಿಗೆ ಗಾಳಿಯೇ ಸುದ್ದಿ ತರುತ್ತದೆ. ಗಳಿಕೆಯೇ ಇಲ್ಲದವನಿಗೆ ಉಳಿತಾಯ ಮಾರುತ್ತಾರಲ್ಲ, ಈ ಜನಕ್ಕೆ ನಾಚಿಕೆ ಬರಿಸುವ ಲಸಿಕೆಯನ್ನು ಯಾವ ಕಂಪನಿಯೂ ಇನ್ನೂ ತಯಾರಿಸಿಲ್ಲ! ದಣಿದ ಕೌಸ್ತುಭ ತೋರಿಸಿದಲ್ಲೆಲ್ಲ ಸಹಿ ಹಾಕಿದ. ಅವರು ಕೊಟ್ಟ ಫೀಸು ಅವರ ಮೊದಲ ಕಂತಿಗೇ ತಿರುಗಿ ಹೋಯಿತು. ಟಿಫಿನ್ ಡಬ್ಬಿ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು.

ಸಂಜೆ ಹೊರಗೆ ಬಂದು ನೋಡಿದರೆ ಖಾಲಿ ಬೆಂಚಿನ ಮೇಲೆ ಒಂದು ಚಿಪ್ಪು ಕೆಂಪು ಬಾಳೆಹಣ್ಣು.

"ಯಾರ್ದೋ ಮಾಪಣ್ಣ ಇದು?"

"ಭಾಗಮ್ಮಂದ್ರಿ. ಹೋದ ತಿಂಗಳ ಬಿ.ಪಿ. ತೋರಿಸಿದ್ಳಲ್ಲ, ಆ ಮುದುಕಿ. ಗುಳಿಗಿ ಚೊಲೋ ಹತ್ಯಾವಂತ, ಅದಕ್ಕ ಹಣ್ಣು ತಂದಿದ್ಳು. ಮುಂಜಾನಿಂದ ಹೊರಗ ಮೆಟ್ಟಲ ಮ್ಯಾಲ ಕುಂತು, ಈಗ ಹಣ್ಣು ಇಲ್ಲಿಟ್ಟು ಬಸ್ಸಿಗೆ ಹೋದ್ಳು."

"ಒಳಗ ಯಾಕ ಬಿಡಲಿಲ್ಲ?"

"ನಾಡಿ ಹಿಡಿದ ಮ್ಯಾಲೇ ಡಾಕ್ಟರ ಕೈಯಾಗ ರೊಕ್ಕ ಇಡೋದು ನಮ್ಮ ಪದ್ಧತಿ ಅಂದ್ಳು. ನಾ ಬೋರ್ಡ್ ತೋರಿಸ್ದೆ."

"ಎರಡನೇ ಸಲ ಬಂದಾಕಿನ್ನ ಹೊರಗ ಕೂಡ್ಸಿದ್ಯೇನೋ ಮಾರಾಯಾ!"

"ಧನ್ವಂತರಿಗೂ ರಿಯಾಯ್ತಿ ಇಲ್ಲ ಅಂದವ್ರು ನೀವೇ ಅಲ್ರೀ!"

ಕೌಸ್ತುಭ ಬಿ.ಪಿ. ಯಂತ್ರ ಕಂಕುಳಲ್ಲಿ ಇಟ್ಟುಕೊಂಡು, ಬಾಳೆಚಿಪ್ಪನ್ನೂ ಕೆಳಗಿಡಲು ಮರೆತು, ಬಸ್ ನಿಲ್ದಾಣಕ್ಕೆ ಓಡಿದ. ಭಾಗಮ್ಮ ಕಟ್ಟೆಯ ಮೇಲೆ ಕೂತಿದ್ದಳು. ಅಲ್ಲೇ ಪಟ್ಟಿ ಕಟ್ಟಿ ನೋಡಿದ: ಮುದುಕಿಯ ಬಿ.ಪಿ. ಹದವಾಗಿತ್ತು. ತೇಕುತ್ತಿದ್ದವನು, ಬೆವರುತ್ತಿದ್ದವನು ಅವನೇ. ಆಕೆ ಅವನ ಕೈಯಲ್ಲಿ ರೊಕ್ಕ ಇಟ್ಟವಳು ಹಾಗೇ ಮಣಿಕಟ್ಟು ಹಿಡಿದಳು.

"ಯಪ್ಪಾ, ನಾಡಿ ಕುದ್ರಿ ಓಡಿದಂಗ ಓಡಾಕತ್ತದ! ಉಂಡಿಲ್ಲೇನು? ಮೊದಲ ಆ ಹಣ್ಣ ತಿನ್ನು. ಬರೋ ವಾರ ಬಂದು ನೋಡ್ಕೊಂಡು ಹೋಗ್ತೀನಿ."

ಬಸ್ಸು ಹೋಯಿತು. ಕಟ್ಟೆಯ ಮೇಲೆ ಕುಸಿದು ಕೂತ ಕೌಸ್ತುಭ ಫೋನ್ ಹಚ್ಚಿದ.

"ಮಂಜು, ತಿರುಗಿ ಬರೋರು ಒಬ್ರು ಸಿಕ್ಕಾರ."

"ಖರೇನ? ಪೇಷಂಟ್ ಯಾರ್ರೀ?"

ಕೌಸ್ತುಭ ಬಾಳೆಹಣ್ಣು ಸುಲಿಯುತ್ತ ನಿಟ್ಟುಸಿರುಬಿಟ್ಟ.

"ನಾನೇ."