ಹಿಂದೆ ಬಿಸಿ

ಆ ಭಾನುವಾರ, ವಿಜ್ಞಾನ ಪತ್ರಿಕೆಯ ಸಂಪಾದಕರು ತಮ್ಮ ಹೊಸ್ತಿಲೊಳಗೆ ಕಸುಬಿನ ಗುಪ್ತಭಾಷೆಗಳನ್ನೆಲ್ಲ ನಿಷೇಧಿಸಿದರು. ವೈದ್ಯರು, ವಕೀಲರು, ಕಡೆಗೆ ನಲ್ಲಿ ರಿಪೇರಿಯವನೂ ತಮಗೆ ತಿಳಿಯದಂತೆ ಮಾತಾಡಿ ಕಣ್ಣಿಗೆ ಮಣ್ಣೆರಚುತ್ತಾರೆಂಬುದು ಅವರ ಬಹುದಿನದ ಸಿಟ್ಟು. ಸಂಜೆ ಸಭಾಭವನದಲ್ಲಿ ‘ಎಲ್ಲರಿಗೂ ತಿಳಿಯುವ ಮಾತು’ ಎಂಬ ಉಪನ್ಯಾಸ ಬೇರೆ ಇತ್ತು. ಅದಕ್ಕೆಂದೇ ಇಸ್ತ್ರಿಯಾಗಿದ್ದ ಬಿಳಿ ಪ್ಯಾಂಟನ್ನು ಮಧ್ಯಾಹ್ನವೇ ತೊಟ್ಟು, ಅಡುಗೆಮನೆಯ ನಟ್ಟನಡುವೆ ನಿಂತು ಅಭ್ಯಾಸ ನಡೆಸಿದ್ದರು.

ಹೆಂಡತಿ ಹೋಟೆಲೊಂದರ ಮುಖ್ಯ ಅಡುಗೆಯವರು. ಸುಡುವ ಪಾತ್ರೆ ಹಿಡಿದು ಯಾರ ಬೆನ್ನ ಹಿಂದೆ ಹಾದರೂ ‘ಹಿಂದೆ ಬಿಸಿ’ ಎನ್ನುವುದು ಅಲ್ಲಿನ ಕಟ್ಟಳೆ. ಕೇಳಿದವರು ತಟ್ಟನೆ ದಾರಿ ಬಿಡಬೇಕು.

"ಹಿಂದೆ ಬಿಸಿ," ಎಂದರು ಆಕೆ, ಬೀಟ್‌ರೂಟ್ ಬೇಯಿಸಿದ ಪಾತ್ರೆಯೊಡನೆ.

ಸಂಪಾದಕರು ಅಲುಗಲಿಲ್ಲ. "ಯಾರ ಹಿಂದೆ? ಏನು ಬಿಸಿ? ಕರ್ತೃ ಎಲ್ಲಿ, ಕ್ರಿಯಾಪದ ಎಲ್ಲಿ? ಇದು ಮನೆಯೋ ನಿನ್ನ ಹೋಟೆಲೋ?"

"ರೀ, ಕೈ ಸುಡ್ತಿದೆ. ಸರೀರಿ."

"ಪೂರ್ತಿ ವಾಕ್ಯ ಹೇಳು, ಸರೀತೀನಿ."

"ಆಗಲಿ. ತಮ್ಮ ಧರ್ಮಪತ್ನಿಯಾದ ನಾನು, ಈಗ ತಾನೆ ಒಲೆಯಿಂದಿಳಿಸಿದ ಈ ಪಾತ್ರೆಯನ್ನು ಎರಡೂ ಕೈಗಳಲ್ಲಿ ಹಿಡಿದು, ತಮ್ಮ ಬೆನ್ನ ಹಿಂದಿನಿಂದ ಸಿಂಕಿನ ಕಡೆಗೆ..."

ವಾಕ್ಯದ ಸೊಬಗಿಗೆ ತಲೆದೂಗುತ್ತ ಸಂಪಾದಕರು ಒಂದು ಹೆಜ್ಜೆ ಹಿಂದಿಟ್ಟರು.

"...ಹೋಗುತ್ತಿದ್ದೇನೆ," ಎಂದು ಅರ್ಧ ಬರಿದಾದ ಪಾತ್ರೆಯನ್ನು ನೋಡುತ್ತ ಆಕೆ ಕ್ರಿಯಾಪದವನ್ನೂ ಒಪ್ಪಿಸಿದರು.

ಚರ್ಮಕ್ಕೆ ಚುರುಕು ಮುಟ್ಟಿತಷ್ಟೆ; ಪ್ಯಾಂಟಿನ ಹಿಂಭಾಗದಲ್ಲಿ ಮಾತ್ರ ಬೀಟ್‌ರೂಟ್ ನೀರಿನ ಭವ್ಯ ಸೂರ್ಯಾಸ್ತವಾಯಿತು. ಉಳಿದ ಪ್ಯಾಂಟುಗಳೆಲ್ಲ ಇಸ್ತ್ರಿ ಅಂಗಡಿಯಲ್ಲಿ. ಅಂಗಡಿಗೆ ಭಾನುವಾರದ ಬೀಗ.

"ಇದು ನಿನ್ನ ಪಿತೂರಿ," ಎಂದು ಸಂಪಾದಕರು ಕೆಂಡವಾದರು.

"ವ್ಯಾಕರಣ ತಪ್ಪಿತಾ?" ಎಂದರು ಆಕೆ.

ಸಭೆಗೆ ಬೆನ್ನು ತೋರಿಸದಿದ್ದರಾಯಿತು ಎಂದುಕೊಂಡು ಅವರು ಅದೇ ಪ್ಯಾಂಟಿನಲ್ಲಿ, ಏಡಿಯಂತೆ ಅಡ್ಡಡ್ಡ ನಡೆದು ವೇದಿಕೆಯೇರಿದರು. ಮಾನ ಮುಕ್ಕಾಲುಪಾಲು ಉಳಿಯಿತು. "ಹೊರಗಿನವನಿಗೆ ತಿಳಿಯದ ಮಾತು ಮಾತೇ ಅಲ್ಲ," ಎಂದು ಮೇಜು ಗುದ್ದುವ ಹೊತ್ತಿಗೆ, ಪಕ್ಕದ ಅಧ್ಯಕ್ಷರಿಗೆ ಚಹಾ ಬಂತು. ತಂದವನು ಹೆಂಡತಿಯ ಹೋಟೆಲಿನವನೇ. ಅಭ್ಯಾಸಬಲದಿಂದ ಬೆನ್ನ ಹಿಂದೆ ಮೆಲ್ಲಗೆ ಅಂದ: "ಹಿಂದೆ ಬಿಸಿ."

ಸಂಪಾದಕರು ಕರ್ತೃವನ್ನು ಕೇಳಲಿಲ್ಲ. ಕ್ರಿಯಾಪದಕ್ಕೆ ಕಾಯಲಿಲ್ಲ. ಗರ್ರನೆ ತಿರುಗಿ ಪಕ್ಕಕ್ಕೆ ನೆಗೆದರು. ಸೂರ್ಯಾಸ್ತ ಇಡೀ ಸಭೆಗೆ ದರ್ಶನ ಕೊಟ್ಟಿತು.

ನಗು ಅಡಗಿದ ಮೇಲೆ ಮುಂದಿನ ಸಾಲಿನಿಂದ ಹೆಂಡತಿಯ ದನಿ ಕೇಳಿಸಿತು:

"ನೋಡಿದ್ರಾ, ಎಲ್ಲರಿಗೂ ತಿಳಿಯೋ ಮಾತು ಅಂದ್ರೆ ಇದೇ."