ಅಳಿಸದೆ ಬಿಟ್ಟ ಕೋಡು

ಸಾಫ್ಟ್‌ವೇರ್ ಬರೆಯುವವರು ಕೆಲಸ ಮುಗಿದ ಕೋಡಿನ ಸಾಲುಗಳನ್ನು ಅಳಿಸುವುದೇ ಇಲ್ಲ. ಹೀಗಾಗಿ ಕಂಪ್ಯೂಟರ್ ರಿಪೇರಿಗೆಂದು ನಾನು ಹೋದಲ್ಲೆಲ್ಲ ಬೆಚ್ಚಿಬೀಳಿಸುವಂಥದ್ದು ಏನಾದರೊಂದು ಕಾದೇ ಇರುತ್ತದೆ.

ಚಹಾದ ಹೊತ್ತು

ಜೇವರ್ಗಿಯ ಹತ್ತಿ ಮಿಲ್ಲಿನಲ್ಲಿ ಲಾರಿ ತೂಗುವ ಕಂಪ್ಯೂಟರ್ ಶುರುವಾಗಲು ಬಹಳ ಹೊತ್ತು ಹಿಡಿಯುತ್ತಿತ್ತು. ಹೊರಗೆ ಒಂದೇ ಸಮನೆ ಹಾರ್ನು. ಒಳಹೊಕ್ಕು ನೋಡಿದರೆ, ಎಂದೋ ಗುಜರಿಗೆ ಹೋದ ಪ್ರಿಂಟರನ್ನು ಅದು ದಿನಾ ಹುಡುಕುತ್ತಿತ್ತು! ಆ ಸಾಲುಗಳನ್ನು ಕಿತ್ತೆ. ಗುಂಡಿ ಒತ್ತುತ್ತಲೇ ತೆರೆ ಬೆಳಗಿತು. ತೂಕದವ ಗಾಬರಿಯಾದ.

"ಇದೇನ್ ಮಾಡಿದ್ರಿ ಸಾಹೇಬ್ರ? ಇನ್ನ ನಾ ಚಾ ಯಾವಾಗ ಕುಡೀಲಿ?"

ಹಗ್ಗ

ಆಳಂದದ ದವಾಖಾನೆಯೊಂದಕ್ಕೆ ಯಾರೋ ದನದ ದವಾಖಾನೆಯ ಸಾಫ್ಟ್‌ವೇರನ್ನೇ ತಿದ್ದಿ ಕೊಟ್ಟಿದ್ದರು. ಹಳೆಯ ಭಾಗ ಒಳಗೇ ಉಳಿದಿತ್ತು. ಮೊಣಕಾಲು ನೋವಿಗೆ ತೋರಿಸಿಕೊಂಡಿದ್ದ ನಿವೃತ್ತ ಮಾಸ್ತರರಿಗೆ ಮೆಸೇಜು ಹೋಯಿತು: "ನಿಮ್ಮ ಎಮ್ಮೆಗೆ ನಾಳೆ ಇಂಜೆಕ್ಷನ್ ಇದೆ. ಹಗ್ಗ ಕಟ್ಟಿ ಕರೆತನ್ನಿ."

ಮರುದಿನ ಮಾಸ್ತರರು ಕೆಂಡವಾಗಿ ಹೆಂಡತಿಯೊಡನೆ ಬಂದು ಫೋನು ಮುಂದೆ ಹಿಡಿದರು. ಓದಿದ ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. "ತಪ್ಪಾಯ್ತ್ರಿ ಮಾಸ್ತರ್ರ!" ಫೋನು ಮಾಡಿ ನನ್ನನ್ನು ಕರೆಸಿದರು. ನಾನು ಅಲ್ಲೇ ಕೂತು ದನದ ಭಾಗವನ್ನೆಲ್ಲ ಅಳಿಸತೊಡಗಿದೆ. ಮಾಸ್ತರರ ಹೆಂಡತಿ ಮಾತ್ರ ತಣ್ಣಗೆ ಅಂದರು:

"ಹಗ್ಗ ಸಿಗಲಿಲ್ರಿ ಡಾಕ್ಟ್ರ. ಕೈ ಹಿಡ್ಕೊಂಡ ಬಂದೇನಿ, ನಡೀತದ?"

ದೂರ ನಿಲ್ಲಿರಿ

ಅಫಜಲಪುರದ ಕಲ್ಯಾಣ ಮಂಟಪದಲ್ಲಿ ದೀಪ, ಸ್ಪೀಕರು ಎಲ್ಲ ಕಂಪ್ಯೂಟರಿನ ಕೈಯಲ್ಲಿ. ಅಂದು ನಾನು ಬರೀ ಊಟಕ್ಕೆಂದು ಹೋಗಿದ್ದೆ. ಅಂತರಪಟ ಸರಿಯಿತು, ವರ ಹಾರ ಎತ್ತಿದ. ಸ್ಪೀಕರು ಗುಡುಗಿತು:

"ದೂರ ನಿಲ್ಲಿರಿ! ಒಬ್ಬರನ್ನೊಬ್ಬರು ಮುಟ್ಟಬೇಡಿ!"

ವರನ ಕೈ ಗಾಳಿಯಲ್ಲೇ ಕಲ್ಲಾಯಿತು. ಓಲಗ ಅರ್ಧಕ್ಕೇ ನಿಂತಿತು. ವಧುವಿನ ಅಜ್ಜಿ ಸೆರಗು ಸಿಗಿಸಿ ಎದ್ದಳು. "ಯಾವನಲೇ ಅಂವ, ಅಪಶಕುನ ನುಡದಾಂವ? ಹೊರಗ ಬಾ!"

"ಮುಹೂರ್ತ ಮೀರಾಕತ್ತದ್ರಿ!" ಎಂದು ಪುರೋಹಿತರು ಕೂಗಿದರು. ಸ್ಪೀಕರು ಮತ್ತೆ ಅದನ್ನೇ ಅಂದಿತು.

ನನಗೆ ಹೊಳೆಯಿತು. ಅದು ಕೊರೊನಾ ಕಾಲದಲ್ಲಿ ಸೇರಿಸಿದ ಎಚ್ಚರಿಕೆ. ಯಾರೂ ತೆಗೆದಿರಲಿಲ್ಲ, ಹೊಸ ಸ್ಪೀಕರು ಜೋಡಿಸಿದ್ದೇ ಅದಕ್ಕೆ ಬಾಯಿ ಬಂದಿತ್ತು. ಮೆಟ್ಟಿಲು ಹಾರಿ ಮೇಲಿನ ಕಂಪ್ಯೂಟರ್ ಕೋಣೆಗೆ ಓಡಿ, ಆ ಸಾಲುಗಳನ್ನು ಅಳಿಸಿ, ಕಿಟಕಿಯಿಂದ ಕೂಗಿದೆ: "ಆಯ್ತ್ರಿ, ನಡೀಲಿ!"

ವರನಿಗೆ ಇನ್ನೂ ಧೈರ್ಯ ಬರಲಿಲ್ಲ. ಬೆವರುತ್ತ ಸ್ಪೀಕರಿನ ಕಡೆ ಮುಖ ಎತ್ತಿ ಕೇಳಿದ: "ಹಾಕ್ಲೇನ್ರಿ?"

ವಧು ತಾನೇ ಮುಂದೆ ಬಂದು ಆ ಹಾರದೊಳಗೆ ತಲೆ ತೂರಿಸಿದಳು.

"ಅದನ್ನೇನ್ ಕೇಳ್ತೀರಿ? ಇನ್ನ ಮ್ಯಾಲ ನನ್ನ ಕೇಳ್ರಿ!"